ಬೀದಿಗೆ ಎರಡನೇ ವೈರು ಬರುವ ತನಕ

ಬೆಂಗಳೂರಿನ ಬಳ್ಳಾರಿ ರಸ್ತೆಯ ಆ ಕಡೆ ಸಹಕಾರನಗರ, ಈ ಕಡೆ ನಮ್ಮ ಅಮೃತಹಳ್ಳಿ. ನಡುವೆ ಹೆದ್ದಾರಿ, ಏರ್‌ಪೋರ್ಟಿಗೆ ಹೋಗುವ ಮೇಲ್ಸೇತುವೆ, ಪಕ್ಕದಲ್ಲೇ ಏಳುತ್ತಿರುವ ಮೆಟ್ರೊ ಕಂಬಗಳು. ಹೆದ್ದಾರಿ ದಾಟಿದರೆ ಹಾಲಿನ ದರ ಬದಲಾಗುವುದಿಲ್ಲ, ಕರೆಂಟಿನ ಯೂನಿಟ್ ದರವೂ ಅಷ್ಟೇ. ಇಂಟರ್‌ನೆಟ್ಟಿಗೆ ಕೊಡುವ ದುಡ್ಡು ಮಾತ್ರ ಬದಲಾಗುತ್ತದೆ. ಸಹಕಾರನಗರದಲ್ಲಿರುವ ನನ್ನ ತಂಗಿಯ ಮನೆಗೆ ಫೈಬರ್ ಕೊಡಲು ಮೂರು ಕಂಪನಿಗಳು ಪೈಪೋಟಿಗೆ ನಿಂತಿವೆ. ಅವಳಿಗೆ ರೂಟರ್ ಪುಕ್ಕಟೆ, ವೈರ್ ಎಳೆದದ್ದು ಪುಕ್ಕಟೆ, ಕನೆಕ್ಷನ್ ಬಿಡ್ತೀನಿ ಅಂದರೆ ಒಂದು ತಿಂಗಳು ಪುಕ್ಕಟೆ. ನಮ್ಮ ಅಡ್ಡರಸ್ತೆಗೆ ಬಹಳ ವರ್ಷ ಇದ್ದದ್ದು ಒಬ್ಬರೇ ಕೇಬಲ್‌ನವರು. ರೂಟರಿಗೆ ದುಡ್ಡು, ವೈರಿಗೆ ಮೀಟರ್ ಲೆಕ್ಕದಲ್ಲಿ ದುಡ್ಡು, ಆರು ತಿಂಗಳ ಬಿಲ್ ಮುಂಗಡ. ಇಷ್ಟು ಕೊಟ್ಟ ಮೇಲೆ ಸಿಗುತ್ತಿದ್ದ ವೇಗ ತಂಗಿಯ ಮನೆಯದರ ಅರ್ಧ.

ಮನೆ ಇಂಟರ್‌ನೆಟ್ಟಿನ ಬೆಲೆಯನ್ನು ಕಂಪನಿಗಳು ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುತ್ತವೆ. ಆದರೆ ಇಷ್ಟು ವರ್ಷ ಇಲ್ಲಿದ್ದು ನಾನು ಕಂಡುಕೊಂಡದ್ದು, ಆ ಬೆಲೆ ತೀರ್ಮಾನವಾಗುವುದು ಬೀದಿಯಲ್ಲಿ. ಬೀದಿಗೆ ಒಂದೇ ವೈರ್ ಇದ್ದರೆ ಒಂದು ಬೆಲೆ, ಎರಡನೆಯದು ಬಂದ ದಿನ ಇನ್ನೊಂದು. ಇಂಟರ್‌ನೆಟ್ ದುಬಾರಿ ಅನ್ನುವ ದೂರಿಗೂ, ಒಳ್ಳೆಯ ಇಂಟರ್‌ನೆಟ್ ಇನ್ನೂ ನಮ್ಮ ಕಡೆ ಬಂದಿಲ್ಲ ಅನ್ನುವ ದೂರಿಗೂ ಬೇರು ಒಂದೇ.

ನಾನು ಮನೆಯಲ್ಲೇ ಡಿಟಿಪಿ ಮಾಡುವವಳು. ಕನ್ನಡ ಪುಸ್ತಕಗಳ ಪುಟ ಕಟ್ಟಿ, ಕರಡು ತಿದ್ದಿಸಿ, ಪ್ರೆಸ್ಸಿಗೆ ಪಿಡಿಎಫ್ ಕಳಿಸುತ್ತೇನೆ. ಹಾಗಾಗಿ ಜಾಹೀರಾತಿನಲ್ಲಿ ಕಾಣುವ ಡೌನ್‌ಲೋಡ್ ವೇಗಕ್ಕಿಂತ ನನಗೆ ಮುಖ್ಯ ಅಪ್‌ಲೋಡ್ ವೇಗ. ಫೋಟೋಗಳಿರುವ ಒಂದು ಪುಸ್ತಕದ ಫೈಲು ಸುಲಭವಾಗಿ 300 ಎಂಬಿ ಆಗುತ್ತದೆ. 256 ಕಿಲೋಬಿಟ್ ವೇಗದಲ್ಲಿ ಅದನ್ನು ಕಳಿಸಲು ಎರಡೂವರೆ ಗಂಟೆ ಮೀರುತ್ತದೆ. 100 ಮೆಗಾಬಿಟ್ ಅಪ್‌ಲೋಡ್ ಇದ್ದರೆ ಅರ್ಧ ನಿಮಿಷವೂ ಬೇಡ. ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಏಕೆಂದರೆ ಬಹಳ ಜನ ಇದರಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಕಂಪನಿಯವರು ವೇಗ ಹೇಳುವುದು ಬಿಟ್ ಲೆಕ್ಕದಲ್ಲಿ, ನಮ್ಮ ಕಂಪ್ಯೂಟರು ಫೈಲಿನ ಗಾತ್ರ ತೋರಿಸುವುದು ಬೈಟ್ ಲೆಕ್ಕದಲ್ಲಿ. ಎಂಟು ಬಿಟ್ ಸೇರಿ ಒಂದು ಬೈಟ್. 40 ಮೆಗಾಬಿಟ್ ಪ್ಲಾನಿನಲ್ಲಿ ಸೆಕೆಂಡಿಗೆ 5 ಎಂಬಿ ಬಂದರೆ ಕಂಪನಿ ಮೋಸ ಮಾಡಿಲ್ಲ ಎಂದು ತಿಳಿಯಬಹುದು.

ಬೆಂಗಳೂರಿಗೆ ವೇಗದ ಡೇಟಾ ಸಂಪರ್ಕ ಬಂದು ನಾಲ್ಕು ದಶಕವಾಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಚೇರಿ ತೆರೆದು, ಉಪಗ್ರಹದ ಡಿಶ್ ನಿಲ್ಲಿಸಿ ಅಮೆರಿಕದ ಜೊತೆ ಮಾತಾಡತೊಡಗಿತು. ಕಂಪನಿಗಳಿಗೆ ಅಂದಿನಿಂದ ದಾರಿ ಸುಗಮವಾಗುತ್ತಲೇ ಹೋಯಿತು. ಮನೆಗಳ ಕಥೆ ಬೇರೆ. ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಚಿತ್ರ ಕಾಣುವಂಥ ಪೂರ್ತಿ ಇಂಟರ್‌ನೆಟ್ ಖಾತೆಗೆ 250 ಗಂಟೆಗೆ 15,000 ರೂಪಾಯಿ. ಅಂದರೆ ಗಂಟೆಗೆ 60, ಫೋನ್ ಬಿಲ್ ಬೇರೆ. ವೇಗ 9.6 ಕಿಲೋಬಿಟ್. ಸಂಬಳದಾರರ ಮನೆಗೂ ಅದು ನಿಲುಕುತ್ತಿರಲಿಲ್ಲ. ಖಾಸಗಿಯವರಿಗೆ ಬಾಗಿಲು ತೆರೆದದ್ದು 1998ರ ನವೆಂಬರಿನಲ್ಲಿ.

ನಾವು ಅಮೃತಹಳ್ಳಿಗೆ ಬಂದದ್ದು 2004ರಲ್ಲಿ. ಊರು ಆಗ ಬ್ಯಾಟರಾಯನಪುರ ನಗರಸಭೆಯದು. ಬಿಬಿಎಂಪಿಗೆ ಸೇರಿದ್ದು 2007ರಲ್ಲಿ. ಅದೇ 2004ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿ ತಂದಿತು. 256 ಕಿಲೋಬಿಟ್ ಮೇಲಿದ್ದರೆ ಅದು ಬ್ರಾಡ್‌ಬ್ಯಾಂಡ್ ಎಂದು ಗೆರೆ ಎಳೆಯಿತು. 2010ರ ಹೊತ್ತಿಗೆ 2 ಕೋಟಿ ಗ್ರಾಹಕರು ಎಂಬ ಗುರಿ ಇಟ್ಟಿತು. ಆ ವರ್ಷದ ಕೊನೆಗೆ ಮುಟ್ಟಿದ್ದು ಸುಮಾರು 1.1 ಕೋಟಿ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಎಂಬ ಬ್ರಾಡ್‌ಬ್ಯಾಂಡ್ ಸೇವೆ ಶುರುವಾಯಿತು. ನಮ್ಮಂಥವರು ತೆಗೆದುಕೊಂಡದ್ದು ತಿಂಗಳಿಗೆ 500 ರೂಪಾಯಿಯ, 1 ಜಿಬಿಯ ಪ್ಲಾನು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಮೊದಲ ಸಲ ಫೋನ್ ಎಂಗೇಜ್ ಆಗದೆ ನೆಟ್ ಓಡಿತು. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಬಳಸಿದ್ದು ಲೆಕ್ಕಕ್ಕಿಲ್ಲ ಎಂಬ ಸೌಲಭ್ಯವಿತ್ತು. ಪ್ರೆಸ್ಸಿನ ಫೈಲುಗಳನ್ನು ಆ ಹೊತ್ತಿಗೇ ಕಳಿಸುತ್ತಿದ್ದೆ. ನನ್ನ ಹಾಗೆ ಅಲಾರಂ ಇಟ್ಟು ಏಳುತ್ತಿದ್ದ ಇಂಜಿನಿಯರಿಂಗ್ ಹುಡುಗರು ಈ ಓಣಿಯಲ್ಲಿ ಹಲವರಿದ್ದರು.

ಆ ನೀತಿಯಲ್ಲಿ ಆಗದೆ ಉಳಿದ ಒಂದು ಕೆಲಸ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಮನೆಮನೆಗೆ ಹೋಗಿದ್ದ ತಾಮ್ರದ ಟೆಲಿಫೋನ್ ತಂತಿ ಸರ್ಕಾರಿ ಕಂಪನಿಯದು. ಅದೇ ತಂತಿಯನ್ನು ಬಾಡಿಗೆಗೆ ಪಡೆದು ಬೇರೆ ಕಂಪನಿಗಳೂ ಇಂಟರ್‌ನೆಟ್ ಕೊಡುವಂತಾಗಲಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2004ರ ಏಪ್ರಿಲ್‌ನಲ್ಲೇ ಶಿಫಾರಸು ಮಾಡಿತ್ತು. ರಸ್ತೆ ಸರ್ಕಾರದ್ದು, ಅದರ ಮೇಲೆ ಬಸ್ಸು ಯಾರದಾದರೂ ಓಡಲಿ ಎಂಬಂಥ ಮಾತು. ಸರ್ಕಾರ ಅದನ್ನು ಒಪ್ಪಲಿಲ್ಲ. ಜಪಾನಿನಲ್ಲಿ ಇದೇ ಕೆಲಸವಾಗಿತ್ತು. ಅಲ್ಲಿನ ಎನ್‌ಟಿಟಿ ಕಂಪನಿ ತನ್ನ ತಂತಿಗಳನ್ನು ಬೇರೆಯವರಿಗೂ ಬಿಟ್ಟುಕೊಡಬೇಕಾಯಿತು. 2001ರಲ್ಲಿ ಸಾಫ್ಟ್‌ಬ್ಯಾಂಕ್ ಆ ತಂತಿಗಳ ಮೇಲೆ ಯಾಹೂ ಬಿಬಿ ಎಂಬ ಸೇವೆ ತಂದು, ರಸ್ತೆಬದಿಯಲ್ಲಿ ಶಾಮಿಯಾನ ಹಾಕಿ ಮೋಡೆಮ್ ಹಂಚಿತು. ದರ ಧಡಾರನೆ ಇಳಿಯಿತು. ನಮ್ಮಲ್ಲಿ ಎರಡನೇ ಕಂಪನಿ ಬರಬೇಕೆಂದರೆ ತನ್ನದೇ ವೈರನ್ನು ತಾನೇ ಎಳೆದುಕೊಂಡು ಬರಬೇಕು ಎಂಬ ಸ್ಥಿತಿ ಹಾಗೇ ಉಳಿಯಿತು. ಇವತ್ತು ಬೆಂಗಳೂರಿನ ಮರಗಳ ಮೇಲೆ ಜೋತಾಡುತ್ತಿರುವ ಕಪ್ಪು ಕೇಬಲ್ಲುಗಳ ಸಿಕ್ಕಿಗೆ ಆ ನಿರ್ಧಾರವೂ ಒಂದು ಕಾರಣ ಎಂದೇ ನನ್ನ ನಂಬಿಕೆ.

ಬ್ರಾಡ್‌ಬ್ಯಾಂಡ್ ಎಂದರೇನು ಎಂಬ ಗೆರೆ ಮುಂದೆ ನಿಧಾನವಾಗಿ ಮೇಲೇರಿತು. 2013ರಲ್ಲಿ 512 ಕಿಲೋಬಿಟ್, 2023ರ ಜನವರಿಯಲ್ಲಿ 2 ಮೆಗಾಬಿಟ್. ಈ 2 ಮೆಗಾಬಿಟ್‌ನಲ್ಲಿ ಮನೆಯಲ್ಲೊಬ್ಬರು ಆನ್‌ಲೈನ್ ಪಾಠಕ್ಕೆ ಕೂತರೆ ಇನ್ನೊಬ್ಬರ ಮೀಟಿಂಗ್ ನಿಂತುಹೋಗುತ್ತದೆ.

ತಾಮ್ರಕ್ಕೆ ಒಂದು ಮಿತಿ ಇದೆ. ಎಕ್ಸ್‌ಚೇಂಜಿನಿಂದ ದೂರ ಹೋದ ಹಾಗೆ ಸಿಗ್ನಲ್ ಸೊರಗುತ್ತದೆ. ಎಕ್ಸ್‌ಚೇಂಜಿನ ಪಕ್ಕದ ಮನೆಗೆ 20 ಮೆಗಾಬಿಟ್ ಮುಟ್ಟಿದರೆ, ನಾಲ್ಕೈದು ಕಿಲೋಮೀಟರ್ ಆಚೆಯ ಮನೆಗೆ ಅದರಲ್ಲಿ ಚೂರುಪಾರು ಉಳಿಯುತ್ತದೆ. ಫೈಬರಿಗೆ ಈ ಕಾಟವಿಲ್ಲ. ಬೆಳಕು ಗಾಜಿನೊಳಗೆ ಇಪ್ಪತ್ತು ಕಿಲೋಮೀಟರ್ ಹೋದರೂ ಮನೆಗೆ ಬೇಕಾದಷ್ಟು ಉಳಿದಿರುತ್ತದೆ, ನಡುವೆ ಕರೆಂಟೂ ಬೇಡ.

ಆ ಗಾಜನ್ನು ಹತ್ತಿರದಿಂದ ನೋಡುವ ಅವಕಾಶ ನಮ್ಮ ಬೀದಿಯ ಮೂಲೆಯಲ್ಲೇ ಸಿಕ್ಕಿತು. ಒಳಚರಂಡಿ ಕೆಲಸದ ಜೆಸಿಬಿ ಕೇಬಲ್ ಕಿತ್ತು, ಇಡೀ ಓಣಿಯ ಮೋಡೆಮ್‌ಗಳಲ್ಲಿ ಕೆಂಪು ದೀಪ ಮಿನುಗಲು ಶುರುವಾಗಿತ್ತು. ಸಂಜೆ ಒಬ್ಬ ಹುಡುಗ ಬೈಕಿನಲ್ಲಿ ಬಂದ. ರಾಯಚೂರು ಕಡೆಯವನು. ಫುಟ್‌ಪಾತಿನ ಕಲ್ಲಿನ ಮೇಲೆ ಕೂತು, ತೊಡೆಯ ಮೇಲೆ ಸ್ಪ್ಲೈಸಿಂಗ್ ಮಿಷನ್ ಇಟ್ಟುಕೊಂಡ. ಕಪ್ಪು ಕವಚ ಸುಲಿದ, ಅದರೊಳಗಿನ ಬಣ್ಣದ ಪದರ ಸುಲಿದ. ಕೊನೆಗೆ ಉಳಿದದ್ದು ಕೂದಲೆಳೆಗಿಂತ ಒಂಚೂರು ದಪ್ಪಗಿನ ಎಳೆ. ಬೆಳಕು ಓಡುವ ಅದರ ಒಳತಿರುಳು ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತಲೂ ತೆಳು. ಅದನ್ನು ಸ್ಪಿರಿಟ್ ಅದ್ದಿದ ಟಿಶ್ಯೂನಲ್ಲಿ ಒರೆಸಿದ. ಸಣ್ಣ ಕಟರಿನಲ್ಲಿ ತುದಿಯನ್ನು ನೇರವಾಗಿ ಕತ್ತರಿಸಿ, ಎರಡು ಎಳೆಗಳನ್ನೂ ಮಿಷನ್ನಿನಲ್ಲಿ ಎದುರುಬದುರು ಇಟ್ಟು ಮುಚ್ಚಳ ಹಾಕಿದ. ಪುಟ್ಟ ಪರದೆಯ ಮೇಲೆ ಆ ತುದಿಗಳು ಎರಡು ಕೊಳವೆಗಳಷ್ಟು ದೊಡ್ಡದಾಗಿ ಕಂಡವು, ತಾವೇ ಸರಿದು ಒಂದರ ನೇರಕ್ಕೆ ಒಂದು ಬಂದವು, ಒಂದು ಕಿಡಿ ಹಾರಿತು. ಬೆಸುಗೆ ಮುಗಿಯಿತು.

ನಾನು ಬಗ್ಗಿ ನೋಡುತ್ತಿದ್ದಾಗ ಅವನು ತಲೆ ಎತ್ತದೆ ಹೇಳಿದ: “ತುಂಡು ಅಲ್ಲೆಲ್ಲ ಬಿದ್ದಾವ ನೋಡ್ರಿ ಅಕ್ಕಾರ, ಬರಿಗಾಲಾಗ ಬರಬ್ಯಾಡ್ರಿ. ಗಾಜ್ ಐತಿ, ಒಳಗ ಹೊಕ್ಕರ ಕಾಣೂದಿಲ್ಲ.” ಕತ್ತರಿಸಿದ ಚೂರುಗಳನ್ನು ಒಂದೊಂದಾಗಿ ಹಳೇ ಮಾತ್ರೆ ಡಬ್ಬಿಗೆ ಹಾಕುತ್ತಿದ್ದ. ಆ ಕೇಬಲ್ಲಿನಲ್ಲಿ ಅಂಥ ಎಳೆಗಳು ಇನ್ನೂ ಹಲವಾರಿದ್ದವು. ಒಂದೊಂದಕ್ಕೂ ಇದೇ ಕ್ರಮ, ಇಷ್ಟೇ ಸಮಾಧಾನ. ಇಂಟರ್‌ನೆಟ್ ಹೋದಾಗ ಕಸ್ಟಮರ್ ಕೇರಿಗೆ ಫೋನ್ ಮಾಡಿ ರೇಗುವವರೆಲ್ಲ ಒಮ್ಮೆ ಇದನ್ನು ನೋಡಬೇಕು. ರಾತ್ರಿ ಒಂಬತ್ತರ ಮೇಲೆ, ಮೊಬೈಲ್ ಟಾರ್ಚಿನ ಬೆಳಕಲ್ಲಿ ಅವನು ಕೊನೆಯ ಜಾಯಿಂಟ್ ಹಾಕಿ ಮುಗಿಸಿದ.

ದೇಶದಲ್ಲಿ ಹೀಗೆ ಅಗೆಯುವಾಗ ಕಿತ್ತುಹೋಗುವ ಫೈಬರ್ ವರ್ಷಕ್ಕೆ ಸುಮಾರು 10 ಲಕ್ಷ ಕಡೆ, ನಷ್ಟ ಸುಮಾರು 3,000 ಕೋಟಿ ರೂಪಾಯಿ ಎಂದು ಸರ್ಕಾರವೇ ಹೇಳಿದೆ. ಅದಕ್ಕೆಂದೇ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಂತು. ಅಗೆಯುವವರು ಮೊದಲೇ ತಿಳಿಸಿದರೆ, ಆ ಜಾಗದಲ್ಲಿ ಕೇಬಲ್, ಪೈಪ್ ಇರುವ ಸಂಸ್ಥೆಗಳಿಗೆ ಸುದ್ದಿ ಮುಟ್ಟುತ್ತದೆ. ಒಳ್ಳೆಯ ಯೋಜನೆ. ನಮ್ಮ ಓಣಿಯ ಜೆಸಿಬಿ ಚಾಲಕನಿಗೆ ಅದರ ಹೆಸರನ್ನು ಯಾರೂ ಹೇಳಿರಲಿಲ್ಲ.

ಈಗ ಆ ಪ್ರಸಿದ್ಧ ಉತ್ತರಕ್ಕೆ ಬರುತ್ತೇನೆ. ಹೊಸ ಕನೆಕ್ಷನ್ ಕೇಳಿ ಫೋನ್ ಮಾಡಿದರೆ ಆ ಕಡೆಯಿಂದ ಬರುವ ಮಾತು: “ಮೇಡಂ, ನಿಮ್ಮ ಲೊಕೇಶನ್‌ಗೆ ಫೀಸಿಬಿಲಿಟಿ ಇಲ್ಲ.” ಹಾಗೆಂದರೇನು ಎಂದು ಅವರು ಬಿಡಿಸಿ ಹೇಳುವುದಿಲ್ಲ. ಸಾಮಾನ್ಯವಾಗಿ ಅದು ಎರಡರಲ್ಲಿ ಒಂದು. ಒಂದೋ ಅವರ ಕೇಬಲ್ ನಿಮ್ಮ ಬೀದಿಗೆ ಬಂದಿಲ್ಲ, ಇಲ್ಲವೇ ಬಂದಿದೆ, ಆದರೆ ಬಾಕ್ಸಿನಲ್ಲಿ ಜಾಗವಿಲ್ಲ. ಕಂಪನಿಯ ಕಚೇರಿಯಿಂದ ಹೊರಡುವ ಒಂದು ಎಳೆಯನ್ನು ದಾರಿಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಪೆಟ್ಟಿಗೆ ಕವಲಾಗಿಸುತ್ತದೆ. ಹೀಗೆ ಒಟ್ಟು 32 ಅಥವಾ 64 ಮನೆಗಳು ಒಂದೇ ಎಳೆಯನ್ನು ಹಂಚಿಕೊಳ್ಳುತ್ತವೆ. ಕಂಬದ ಮೇಲಿನ ಬಾಕ್ಸಿನಲ್ಲಿ ಎಂಟೋ ಹದಿನಾರೋ ಪೋರ್ಟುಗಳು. ಅವು ತುಂಬಿದರೆ ಮುಂದಿನ ಮನೆಯವರಿಗೆ “ಪೋರ್ಟ್ ಖಾಲಿ ಇಲ್ಲ”. ಇನ್ನೊಂದು ಬಾಕ್ಸ್ ಹಾಕಲು ಕಂಪನಿಗೆ ಇನ್ನಷ್ಟು ಗಿರಾಕಿಗಳು ಕಾಣಬೇಕು. ಒಬ್ಬರ ಮನೆಗಾಗಿ ಯಾರೂ ಹಾಕುವುದಿಲ್ಲ. ಹಾಗಾಗಿ ಪೋರ್ಟ್ ಇಲ್ಲ ಎಂದಾಗ ಸುಮ್ಮನಾಗದೆ ಅಕ್ಕಪಕ್ಕದ ನಾಲ್ಕಾರು ಮನೆಯವರು ಒಟ್ಟಿಗೆ ಅರ್ಜಿ ಹಾಕಿದರೆ ಕೆಲಸವಾಗುವ ಸಂಭವ ಹೆಚ್ಚು. ಇದು ನಮ್ಮ ಓಣಿಯಲ್ಲಿ ನಡೆದದ್ದರಿಂದ ಹೇಳುತ್ತಿದ್ದೇನೆ.

ಕೇಬಲ್ಲೇ ಬೀದಿಗೆ ಬಾರದಿರುವುದಕ್ಕೆ ಕಾರಣ ಊರು ಬೆಳೆದ ರೀತಿಯಲ್ಲಿದೆ. ಸಹಕಾರನಗರ ನಕ್ಷೆ ಹಾಕಿ ಮಾಡಿದ ಬಡಾವಣೆ, ನೇರ ರಸ್ತೆ, ಅಗಲ ಫುಟ್‌ಪಾತು. ಅಮೃತಹಳ್ಳಿಯಲ್ಲಿ ಹಳೇ ಊರಿನ ಓಣಿಗಳಿವೆ, ಸುತ್ತ ಹೊಲಗಳು ಸೈಟುಗಳಾಗಿ ಎದ್ದ ರೆವಿನ್ಯೂ ಬಡಾವಣೆಗಳಿವೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಇಲ್ಲಿ ಒಂದಂತಸ್ತಿನ ಮನೆಗಳು ನಾಲ್ಕಂತಸ್ತಾದವು, ಹತ್ತಿರದ ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಹುಡುಗರು ಬಾಡಿಗೆಗೆ ಬಂದರು. ಜನ ಹೆಚ್ಚಿದರು, ಓಣಿಯ ಅಗಲ ಅಷ್ಟೇ ಉಳಿಯಿತು. ನೆಲದಡಿ ಕೇಬಲ್ ಹಾಕಲು ರೋಡ್ ಕಟಿಂಗ್ ಅನುಮತಿ ಬೇಕು, ಅಗೆದದ್ದನ್ನು ಮುಚ್ಚುವ ಖರ್ಚನ್ನೂ ಪಾಲಿಕೆಗೆ ಕಟ್ಟಬೇಕು. ಟೆಕ್ ಪಾರ್ಕಿಗೆ ಹೋಗುವ ಕೇಬಲ್ಲಿಗಾದರೆ ಆ ದುಡ್ಡು ವಾಪಸ್ಸು ಬರುತ್ತದೆ. ಅಲ್ಲಿನ ಕಂಪನಿಗಳು ಒಂದು ರಸ್ತೆಯ ಫೈಬರ್ ಕಿತ್ತರೆ ಇನ್ನೊಂದು ರಸ್ತೆಯದು ಇರಲಿ ಎಂದು ಎರಡೆರಡು ದಿಕ್ಕಿನಿಂದ ಎಳೆಸಿಕೊಳ್ಳುತ್ತವೆ. ಆ ಕಂಪನಿಯಲ್ಲಿ ದುಡಿದು, ರಾತ್ರಿ ಮನೆಗೆ ಬಂದು ಮತ್ತೆ ಮೀಟಿಂಗಿಗೆ ಕೂರುವ ಹುಡುಗನ ಓಣಿಗೆ ಒಂದು ದಿಕ್ಕಿನಿಂದಲೂ ಬರುವುದು ಕಷ್ಟ.

ಕಾನೂನು ಸುಮ್ಮನಿಲ್ಲ. 2016ರ ನವೆಂಬರಿನ ‘ರೈಟ್ ಆಫ್ ವೇ’ ನಿಯಮಗಳು ಅರ್ಜಿಯ ಆಡಳಿತ ಶುಲ್ಕ ಕಿಲೋಮೀಟರಿಗೆ 1,000 ರೂಪಾಯಿ ಮೀರಬಾರದು, 60 ದಿನದಲ್ಲಿ ತೀರ್ಮಾನ ಹೇಳಬೇಕು ಎಂದವು. 2023ರ ದೂರಸಂಪರ್ಕ ಕಾಯ್ದೆಯಡಿ ಹೊಸ ನಿಯಮಗಳು 2025ರ ಜನವರಿ 1ರಿಂದ ಬಂದಿವೆ. ಇಷ್ಟಾದರೂ ಸಣ್ಣ ಓಣಿಯನ್ನು ಅಗೆದು ಮುಚ್ಚುವ ಖರ್ಚು ಕಂಪನಿಗೆ ಹೊರೆಯೇ. ಹಾಗಾಗಿ ಸುಲಭದ ದಾರಿ ಎಂದರೆ ಕರೆಂಟ್ ಕಂಬದಿಂದ ಕಂಬಕ್ಕೆ, ಕಂಬ ಸಿಗದಿದ್ದಲ್ಲಿ ಮರದಿಂದ ಟೆರೇಸಿಗೆ ಎಳೆಯುವುದು. 2024ರ ಜುಲೈನಲ್ಲಿ ವಿದ್ಯುತ್ ಕಂಪನಿ ಬೆಸ್ಕಾಂ ತನ್ನ ಕಂಬಗಳ ಮೇಲಿನ ಅನಧಿಕೃತ ಕೇಬಲ್ ತೆಗೆಯಲು ಗಡುವು ಕೊಟ್ಟಿತು. ಅದರಲ್ಲಿ ತಪ್ಪಿಲ್ಲ. ಫುಟ್‌ಪಾತಿನಲ್ಲಿ ಸುರುಳಿ ಬಿದ್ದ ಕೇಬಲ್ಲಿಗೆ ಕಾಲು ಸಿಕ್ಕಿ ವಯಸ್ಸಾದವರು ಬೀಳುವುದನ್ನು ಈ ಊರಲ್ಲಿ ಯಾರು ನೋಡಿಲ್ಲ? ಆದರೆ ಮೇಲಿನದನ್ನು ಕತ್ತರಿಸುವ ಮೊದಲು ಕೆಳಗೆ ದಾರಿ ಮಾಡಿಕೊಡಬೇಕಲ್ಲ.

ದಾರಿ ಮಾಡುವುದು ಗೊತ್ತಿಲ್ಲದ ವಿದ್ಯೆಯಲ್ಲ. ನಗರದ ನಡುವಿನ ವಿಠಲ್ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆಗಳನ್ನು ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಮಾಡುವಾಗ ಫುಟ್‌ಪಾತಿನ ಕೆಳಗೆ ಕೇಬಲ್ಲಿಗೆಂದೇ ಕೊಳವೆಗಳನ್ನು ಹಾಕಿದರು. ಹೊಸ ಕೇಬಲ್ ಬೇಕಾದರೆ ಮ್ಯಾನ್‌ಹೋಲಿನಿಂದ ತೂರಿಸಿದರಾಯಿತು, ರಸ್ತೆ ಅಗೆಯಬೇಕಿಲ್ಲ. ಆ ವಿದ್ಯೆ ಹೆಬ್ಬಾಳ ದಾಟಿ ನಮ್ಮ ಓಣಿಗಳಿಗೆ ಬರಲಿಲ್ಲ ಅನ್ನುವುದೇ ನನ್ನ ಸಂಕಟ.

ಬೆಲೆಗೆ ಮತ್ತೆ ಬರೋಣ. 2019ರ ಸೆಪ್ಟೆಂಬರಿನಲ್ಲಿ ಜಿಯೋಫೈಬರ್ ಶುರುವಾದಾಗ ಅತಿ ಅಗ್ಗದ ಪ್ಲಾನು 699 ರೂಪಾಯಿ. ಮರುವರ್ಷ ಆಗಸ್ಟಿನಲ್ಲಿ, ಕೊರೊನಾ ನಡುವೆ, ಅದು 30 ಮೆಗಾಬಿಟ್‌ಗೆ 399ಕ್ಕೆ ಇಳಿಯಿತು. ಉಳಿದ ಕಂಪನಿಗಳೂ ಆಸುಪಾಸಿಗೆ ಬಂದವು. 399ಕ್ಕೆ ಶೇ 18 ಜಿಎಸ್‌ಟಿ ಸೇರಿದರೆ 471. ದೇಶದ ಲೆಕ್ಕದಲ್ಲಿ ಇದು ಅಗ್ಗವೇ. ಲಾಕ್‌ಡೌನ್ ಶುರುವಾದ 2020ರ ಮಾರ್ಚಿನಲ್ಲಿ ವೈರಿನ ಬ್ರಾಡ್‌ಬ್ಯಾಂಡ್ ಇದ್ದವರು ಸುಮಾರು 1.9 ಕೋಟಿ, 2024ರ ಕೊನೆಗೆ ಸುಮಾರು 4 ಕೋಟಿ. ಏರಿಕೆ ದೊಡ್ಡದೇ. ಆದರೆ ಅದೇ ಹೊತ್ತಿಗೆ ಒಟ್ಟು ಬ್ರಾಡ್‌ಬ್ಯಾಂಡ್ ಗ್ರಾಹಕರು ಸುಮಾರು 94 ಕೋಟಿ. ಅಂದರೆ ಉಳಿದವರೆಲ್ಲ ಹೆಚ್ಚುಕಡಿಮೆ ಮೊಬೈಲಿನಲ್ಲೇ ಇದ್ದಾರೆ. 2018ರ ರಾಷ್ಟ್ರೀಯ ನೀತಿ 2022ರ ಹೊತ್ತಿಗೆ ಅರ್ಧದಷ್ಟು ಮನೆಗಳಿಗೆ ವೈರಿನ ಬ್ರಾಡ್‌ಬ್ಯಾಂಡ್ ಎಂದಿತ್ತು. 2011ರ ಜನಗಣತಿಯಲ್ಲೇ ದೇಶದಲ್ಲಿ ಸುಮಾರು 25 ಕೋಟಿ ಕುಟುಂಬಗಳಿದ್ದವು. 4 ಕೋಟಿ ಎಲ್ಲಿ, ಅರ್ಧ ಎಲ್ಲಿ?

ನಮ್ಮ ಮೇಲಿನ ಮನೆಯಲ್ಲಿ ಇರುವ ಕುಟುಂಬದಲ್ಲಿ ಗಂಡ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಾನೆ, ಹೆಂಡತಿ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ, ಪಿಯುಸಿ ಓದುವ ಇಬ್ಬರು ಮಕ್ಕಳು. ನಾಲ್ಕು ಸಿಮ್ಮುಗಳ ರೀಚಾರ್ಜಿಗೆ ಕೊಡುತ್ತಿದ್ದ ದುಡ್ಡು ಒಂದು ಫೈಬರ್ ಬಿಲ್ಲಿಗಿಂತ ಹೆಚ್ಚು. ಸಂಜೆಯಾದರೆ ದಿನದ ಡೇಟಾ ಖಾಲಿ, ಮಕ್ಕಳು ಅಪ್ಪ ಮನೆಗೆ ಬರುವುದನ್ನೇ ಕಾಯುತ್ತಿದ್ದರು, ಅವನ ಫೋನಿನ ಹಾಟ್‌ಸ್ಪಾಟಿಗೆ. ಫೈಬರ್ ಯಾಕೆ ಹಾಕಿಸಿಲ್ಲ ಎಂದರೆ ಅವಳು ಹೇಳಿದ್ದು: “ತಿಂಗಳಿಗೆ ಐನೂರು ಕೊಡ್ಬೋದು ಅಕ್ಕ, ಒಟ್ಟಿಗೆ ಮೂರು ಸಾವಿರ ಎಲ್ಲಿಂದ ತರೋದು? ಜೂನ್ ಬಂತು ಅಂದ್ರೆ ಫೀಸು.” ದರಪಟ್ಟಿಯಲ್ಲಿ ಕಾಣುವ 399 ಅವಳ ಸಮಸ್ಯೆಯಲ್ಲ. ಆರು ತಿಂಗಳ ಮುಂಗಡ, ರೂಟರಿನ ದುಡ್ಡು, ಮೀಟರ್ ಲೆಕ್ಕದ ವೈರು ಅವಳ ಸಮಸ್ಯೆ. ಅದರ ಜೊತೆಗೆ ಓನರ್ ಬೇರೆ: “ಗೋಡೆಗೆ ಡ್ರಿಲ್ ಹಾಕ್ಬೇಡಿ ಕಣಮ್ಮ, ಈಗ ತಾನೆ ಪೇಂಟ್ ಮಾಡ್ಸಿದೀನಿ.”

ಹೋದ ವರ್ಷ ನಮ್ಮ ಬೀದಿಗೆ ಎರಡನೇ ಕಂಪನಿಯ ಕೇಬಲ್ ಬಂತು. ಅವರು ತಿಂಗಳು ತಿಂಗಳು ಕಟ್ಟಿದರೆ ಸಾಕು ಎಂದರು, ವೈರಿಗೆ ದುಡ್ಡು ಕೇಳಲಿಲ್ಲ. ಆಮೇಲೆ ಮೊದಲಿನವರೇ ಮನೆಮನೆಗೆ ಫೋನ್ ಮಾಡಿದರು. ಯಾರೂ ಕೇಳದಿದ್ದರೂ ಸ್ಪೀಡ್ ಹೆಚ್ಚಾಯಿತು, ಆರು ತಿಂಗಳ ಷರತ್ತು ಮಾಯವಾಯಿತು. ಅದೇ ಕಂಬ, ಅದೇ ಫೈಬರ್, ಅದೇ ಹುಡುಗರು. ಇಷ್ಟು ದಿನ ಕೊಡಲಾಗದಿದ್ದುದನ್ನು ಆಗ ಕೊಡಲಾಯಿತು! ಮೇಲಿನ ಮನೆಗೆ ಈಗ ಫೈಬರ್ ಇದೆ. ವೈರು ಕಿಟಕಿಯ ಸಂದಿಯಿಂದ ಒಳಗೆ ಹೋಗಿದೆ, ಓನರ್ ಗೋಡೆ ಹಾಗೇ ಇದೆ.

ಆದರೆ ಆ ಎರಡನೇ ಕೇಬಲ್ ಟ್ರಾನ್ಸ್‌ಫಾರ್ಮರ್ ಹತ್ತಿರದ ತಿರುವಿನಲ್ಲಿ ನಿಂತಿತು. ಅಲ್ಲಿಂದ ಮುಂದೆ ಓಣಿ ಕಿರಿದು, ಕಂಬಗಳ ನಡುವೆ ಅಂತರ ಹೆಚ್ಚು, ಶೀಟಿನ ಮನೆಗಳು. ಗಿರಾಕಿ ಕಡಿಮೆ ಎಂದು ಲೆಕ್ಕ ಹಾಕಿರಬೇಕು. ತಿರುವಿನ ಆಚೆಯವರು ಇವತ್ತಿಗೂ ಹಳೆಯ ಷರತ್ತಿನಲ್ಲೇ ಇದ್ದಾರೆ. ಅಲ್ಲಿನ ಒಬ್ಬ ಹುಡುಗಿ ಸಿಇಟಿಗೆ ಓದುತ್ತಿದ್ದಾಗ ಆನ್‌ಲೈನ್ ಟೆಸ್ಟ್ ಬರೆಯಲು ನಮ್ಮ ಮನೆಯ ಹಾಲಿಗೆ ಬಂದು ಕೂರುತ್ತಿದ್ದಳು. ದುಡ್ಡು ಕಡಿಮೆ ಇರುವವರೇ ಹೆಚ್ಚು ಕೊಡಬೇಕಾಗಿ ಬಂದಿರುವುದು ನನ್ನನ್ನು ತುಂಬಾ ಕಾಡುತ್ತದೆ.

ವೈರೇ ಬೇಡ, ಗಾಳಿಯಲ್ಲಿ ಬರಲಿ ಎಂಬ ದಾರಿಯೂ ಈಗ ಇದೆ. ಜಿಯೋ ಏರ್‌ಫೈಬರ್ 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರೂ ಸೇರಿ ಎಂಟು ನಗರಗಳಲ್ಲಿ 599ರಿಂದ ಶುರುವಾಯಿತು. ಏರ್‌ಟೆಲ್‌ನದೂ ಅದೇ ವರ್ಷ ಬಂತು. ಟೆರೇಸಿನ ಮೇಲೊಂದು ಡಬ್ಬಿ ಇಟ್ಟರೆ 5ಜಿ ಟವರಿನಿಂದ ಸಿಗ್ನಲ್ ಹಿಡಿದು ಮನೆಯೊಳಗಿನ ರೂಟರಿಗೆ ಕೊಡುತ್ತದೆ. ರಸ್ತೆ ಅಗೆಯುವ ಗೋಳಿಲ್ಲ. ತಿರುವಿನ ಆಚೆಯ ಕೆಲವರು ಇದನ್ನೇ ನೆಚ್ಚಿದ್ದಾರೆ, ನೆಚ್ಚಬೇಕಾದ್ದೇ. ಆದರೆ ಗಾಳಿಯಲ್ಲಿನ ಸಾಮರ್ಥ್ಯವನ್ನು ಆ ಟವರಿನ ಕೆಳಗಿನ ಎಲ್ಲ ಮೊಬೈಲುಗಳೂ ಹಂಚಿಕೊಳ್ಳಬೇಕು. ಸಂಜೆ ಏಳರಿಂದ ಹತ್ತರವರೆಗೆ ಅದು ಕಾಣಿಸುತ್ತದೆ. ಎದುರಿಗೆ ಹೊಸ ಕಟ್ಟಡ ಎದ್ದರೆ ಸಿಗ್ನಲ್ ಕುಗ್ಗುತ್ತದೆ, ಅಮೃತಹಳ್ಳಿಯಲ್ಲಿ ಹೊಸ ಕಟ್ಟಡ ಏಳದ ತಿಂಗಳಿಲ್ಲ. ಆ ಟವರಿನ ಬುಡಕ್ಕೂ ಕೊನೆಗೆ ಫೈಬರ್ ಬೇಕು.

ಅಪಾರ್ಟ್‌ಮೆಂಟುಗಳ ಮಾತನ್ನೂ ಇಲ್ಲೇ ಹೇಳಬೇಕು. ಬಿಲ್ಡರ್ ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು, ಬೇರೆಯವರ ಕೇಬಲ್ ಗೇಟಿನೊಳಗೆ ಬರದಂತೆ ಮಾಡುವುದು ನಮ್ಮ ಊರಲ್ಲಿ ಹೊಸದಲ್ಲ. ಕಟ್ಟಡದೊಳಗೆ ಎಲ್ಲ ಕಂಪನಿಗಳಿಗೂ ಸಮಾನ ಪ್ರವೇಶ ಇರಬೇಕೆಂದು ಟ್ರಾಯ್ 2017ರ ಜನವರಿಯಲ್ಲೇ ಹೇಳಿತ್ತು. ದಕ್ಷಿಣ ಕೊರಿಯಾ 1999ರಲ್ಲೇ ಕಟ್ಟಡಗಳ ಇಂಟರ್‌ನೆಟ್ ವೈರಿಂಗ್ ನೋಡಿ ದರ್ಜೆ ಕೊಟ್ಟು, ಪ್ರಮಾಣಪತ್ರ ಅಂಟಿಸಿತು. ಫ್ಲ್ಯಾಟ್ ಕೊಳ್ಳುವವರು ಅದನ್ನು ಕೇಳತೊಡಗಿದ್ದರಿಂದ ಬಿಲ್ಡರುಗಳು ತಾವೇ ದಾರಿಗೆ ಬಂದರು. ನಮ್ಮಲ್ಲಿ ಆಸ್ತಿಗಳಿಗೆ ಡಿಜಿಟಲ್ ಸಂಪರ್ಕದ ರೇಟಿಂಗ್ ಕೊಡುವ ಟ್ರಾಯ್ ನಿಯಮ ಬಂದದ್ದು 2024ರ ಅಕ್ಟೋಬರಿನಲ್ಲಿ. ಹೊಸ ಫ್ಲ್ಯಾಟ್ ನೋಡುವವರು ನೀರು, ಪಾರ್ಕಿಂಗ್ ಕೇಳುವಾಗಲೇ ಆ ರೇಟಿಂಗ್ ಇದೆಯೇ ಎಂದು ಕೇಳಬೇಕು. ಬಾಡಿಗೆ ಮನೆ ನೋಡುವವರು ಅಡ್ವಾನ್ಸ್ ಕೊಡುವ ಮುಂಚೆ ಪಕ್ಕದ ಮನೆಯವರನ್ನು ಎರಡೇ ಪ್ರಶ್ನೆ ಕೇಳಿದರೆ ಸಾಕು: ಇಲ್ಲಿ ಎಷ್ಟು ಕಂಪನಿಗಳ ಫೈಬರ್ ಇದೆ, ಬಾಕ್ಸಿನಲ್ಲಿ ಪೋರ್ಟ್ ಇದೆಯೇ? “ನೆಟ್ ಬರುತ್ತೆ” ಎನ್ನುವ ಓನರಿನ ಮಾತು ಸಾಲದು.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು, ನಾವು ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿದೆವು. ಆ ಪಾಲಿಕೆಗೆ ಓಣಿಯವರೆಲ್ಲ ಸೇರಿ ಒಂದು ಮನವಿ ಬರೆದಿದ್ದೇವೆ. ಟೈಪ್ ಮಾಡಿದ್ದು ನಾನೇ. ಅದರಲ್ಲಿ ಕೇಳಿರುವುದು ಹೆಚ್ಚೇನಲ್ಲ. ಒಳಚರಂಡಿಗೆ ಅಗೆದ ರಸ್ತೆಗೆ ಡಾಂಬರು ಹಾಕುವ ಮೊದಲು ಒಂದು ಬದಿಯಲ್ಲಿ ಎರಡು ಪ್ಲಾಸ್ಟಿಕ್ ಕೊಳವೆ, ಪ್ರತಿ ತಿರುವಿನಲ್ಲಿ ಒಂದು ಚೇಂಬರ್ ಇಡಬೇಕು. ಕೊಳವೆ ಪಾಲಿಕೆಯದಾಗಿರಲಿ, ನಿಗದಿತ ಬಾಡಿಗೆ ಕಟ್ಟಿದ ಯಾವ ಕಂಪನಿಗೂ ಇಲ್ಲ ಎನ್ನಬಾರದು. ಕೊಳವೆಯ ಕೆಲಸ ಟ್ರಾನ್ಸ್‌ಫಾರ್ಮರ್ ಹತ್ತಿರದ ತಿರುವಿನಲ್ಲಿ ನಿಲ್ಲದೆ ಓಣಿಯ ಕೊನೆಯ ಶೀಟಿನ ಮನೆಯವರೆಗೆ ಹೋಗಬೇಕು. ಯಾವ ಬೀದಿಯಲ್ಲಿ ಯಾರ ಕೇಬಲ್ ಇದೆ ಎಂಬ ಪಟ್ಟಿಯನ್ನು ವಾರ್ಡ್ ಕಚೇರಿಯ ಬೋರ್ಡಿನಲ್ಲಿ ಹಾಕಬೇಕು. ತಿರುವಿನ ಆಚೆಯ ಮನೆಗಳವರ ಸಹಿ ಮೊದಲು ಹಾಕಿಸಿದ್ದೇವೆ. ರಸ್ತೆ ಇನ್ನೂ ಅಗೆದ ಹಾಗೇ ಇದೆ. ಕೊಳವೆ ಇಡುವುದಾದರೆ ಈಗಲೇ ಇಡಬೇಕು.